ಒಂದೇ ದನಿ, ಆರುನೂರು ಸ್ಟೇಷನ್

ಹೋದ ತಿಂಗಳು ಪತ್ರಿಕೋದ್ಯಮ ಓದುತ್ತಿರುವ ಹುಡುಗ ಹುಡುಗಿಯರ ಮುಂದೆ ಒಂದು ಗಂಟೆ ಮಾತಾಡಿದ್ದೆ. ಕೆಲವರು ಬರೆದು ಕೊಡಿ ಅಂದರು. ಆಡಿದ ಮಾತನ್ನು ಜಾಸ್ತಿ ತಿದ್ದದೆ ಇಲ್ಲಿ ಇಟ್ಟಿದ್ದೇನೆ. ಅವರು ಕೇಳಿದ ಒಂದೆರಡು ಪ್ರಶ್ನೆಗಳೂ ಕೊನೆಯಲ್ಲಿ ಇವೆ.

ಎಲ್ಲರಿಗೂ ನಮಸ್ಕಾರ.

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಐ-80 ಅಂತ ಒಂದು ಹೆದ್ದಾರಿ ಇದೆ. ಒಮಾಹಾದಿಂದ ಪಶ್ಚಿಮಕ್ಕೆ ಹೊರಟರೆ ಗಂಟೆಗಟ್ಟಲೆ ಮೆಕ್ಕೆಜೋಳದ ಹೊಲ, ಮೇಲೆ ಆಕಾಶ, ದೂರದಲ್ಲಿ ಧಾನ್ಯ ತುಂಬುವ ಎತ್ತರದ ಕಣಜ. ಬೇರೇನೂ ಇಲ್ಲ. 1997ರಲ್ಲಿ ಆ ದಾರಿಯಲ್ಲಿ ಹೋಗ್ತಾ ಕಾರಿನ ಎಎಂ ರೇಡಿಯೋ, ಅಂದರೆ ನಮ್ಮ ಮೀಡಿಯಂ ವೇವ್, ಹಾಕಿಕೊಂಡಿದ್ದೆ. ಬಲಪಂಥದ ರಾಜಕೀಯ ಮಾತಿಗೆ ಹೆಸರಾದ ನಿರೂಪಕ ರಷ್ ಲಿಂಬಾ ಮಾತಾಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ದನಿ ಕರಕರ ಅನ್ನೋಕೆ ಶುರುವಾಯಿತು. ಗುಂಡಿ ತಿರುಗಿಸಿದೆ. ಮುಂದಿನ ಸ್ಟೇಷನ್ ಸಿಕ್ಕಿತು, ಅಲ್ಲೂ ಅದೇ ದನಿ, ಅದೇ ಮಾತು, ಹಿಂದಿನ ಸ್ಟೇಷನ್‌ನಲ್ಲಿ ಅರ್ಧಕ್ಕೆ ಬಿಟ್ಟಿದ್ದ ವಾಕ್ಯವನ್ನು ಇಲ್ಲಿ ಮುಗಿಸುತ್ತಿದ್ದರು. ಅದೂ ಕ್ಷೀಣಿಸಿತು. ಇನ್ನೊಂದು ಸ್ಟೇಷನ್. ಮತ್ತೆ ಅವರೇ. ಮೂರು ಗಂಟೆ ಹೊತ್ತು ನಾನು ಅವರ ದನಿಯಿಂದ ಆಚೆ ಬರಲಿಲ್ಲ.

ಅವರ ರಾಜಕೀಯ ಸರಿಯೋ ತಪ್ಪೋ ಅನ್ನೋದು ಇವತ್ತಿನ ವಿಷಯ ಅಲ್ಲ. ಅವತ್ತು ನನ್ನ ತಲೆಯಲ್ಲಿ ಕೂತ ಪ್ರಶ್ನೆ ಬೇರೆ. ಇಷ್ಟೊಂದು ಸ್ಟೇಷನ್‌ಗಳು ಒಂದೇ ಶೋ ಹಾಕೋದಕ್ಕೆ ಒಪ್ಪಿದ್ದು ಹೇಗೆ? ಯಾರು ಹೇಳಿದರು ಅವರಿಗೆ?

ನಮಗೆ ಇದು ದೊಡ್ಡ ವಿಷಯ ಅನ್ನಿಸದೇ ಇರಬಹುದು. ಬೆಂಗಳೂರು ಆಕಾಶವಾಣಿಯ ಸುದ್ದಿಯನ್ನು ರಾಜ್ಯದ ಬೇರೆ ಕೇಂದ್ರಗಳು ಸಹ ಪ್ರಸಾರ ಮಾಡೋದನ್ನ ಕೇಳಿಕೊಂಡೇ ಬೆಳೆದವರು ನಾವು. ಆದರೆ ಅದು ಒಂದೇ ಸಂಸ್ಥೆ. ಮೇಲಿನಿಂದ ಒಂದು ಕಾಗದ ಬಂದರೆ ಎಲ್ಲ ಕೇಂದ್ರವೂ ಹಾಕುತ್ತದೆ. ನಮ್ಮ ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಮಾಡೋಕೆ ಅನುಮತಿ ಇಲ್ಲ, ಹಾಗಾಗಿ ರಾಜಕೀಯ ಮಾತಾಡುವ, ಜನ ಫೋನ್ ಮಾಡಿ ವಾದ ಮಾಡುವ ಖಾಸಗಿ ರೇಡಿಯೋ ನಮಗೆ ಅಷ್ಟಾಗಿ ಪರಿಚಯವೂ ಇಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸಾವಿರಾರು ಸ್ಟೇಷನ್. ಮಾಲೀಕರೂ ಬೇರೆ ಬೇರೆ, ಅಥವಾ ಆಗ ಹಾಗಿದ್ದರು. ಯಾರೂ ಯಾರಿಗೂ ಆದೇಶ ಕೊಡೋ ಹಾಗಿಲ್ಲ. ಒಬ್ಬೊಬ್ಬರನ್ನೂ ಹೋಗಿ ಕೇಳಬೇಕು, ಒಪ್ಪಿಸಬೇಕು. ಹೀಗೆ ಒಂದು ಕಡೆ ಮಾಡಿದ ಶೋವನ್ನು ಬೇರೆ ಬೇರೆ ಮಾಲೀಕರ ಸ್ಟೇಷನ್‌ಗಳಿಗೆ ಕೊಡೋದಕ್ಕೆ ಅಲ್ಲಿ ಸಿಂಡಿಕೇಷನ್ ಅಂತಾರೆ.

ಒಪ್ಪಿಸಬೇಕು ಅಂದರೆ ಮೊದಲು ಅವರ ಹತ್ತಿರ ಖಾಲಿ ಜಾಗ ಇರಬೇಕು ಅಲ್ವಾ? ಆ ಖಾಲಿ ಜಾಗ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ. ಅಲ್ಲೀವರೆಗೆ ಎಎಂ ಅಂದರೆ ರಾಜ. ಹಾಡು, ಸುದ್ದಿ, ಕ್ರೀಡೆ ಎಲ್ಲ ಅಲ್ಲೇ. ಎಫ್‌ಎಂ ಬಂದಮೇಲೆ ಹಾಡು ಅಲ್ಲಿ ಚೆನ್ನಾಗಿ ಕೇಳಿಸುತ್ತದೆ, ಸ್ಟೀರಿಯೋ ಬೇರೆ. ಆ ದಶಕ ಮುಗಿಯುವಷ್ಟರಲ್ಲಿ ಎಫ್‌ಎಂ ಕೇಳುಗರ ಸಂಖ್ಯೆ ಎಎಂ ಅನ್ನು ದಾಟಿತು. ಎಎಂ ಸ್ಟೇಷನ್‌ಗಳ ಕೈಯಲ್ಲಿ ದೂರಕ್ಕೆ ಹೋಗುವ ತರಂಗ ಇತ್ತು, ಗೋಪುರ ಇತ್ತು, ಲೈಸೆನ್ಸ್ ಇತ್ತು. ಹಾಕೋದಕ್ಕೆ ಏನೂ ಇರಲಿಲ್ಲ. ಮಾತಿಗೆ ಸ್ಟೀರಿಯೋ ಬೇಕಾಗಿಲ್ಲ. ಹಾಗಾಗಿ ಮಾತು ಅಲ್ಲಿಗೆ ಬಂತು.

ಮೊದಲು ಬಂದಿದ್ದು ರಾತ್ರಿ ಹೊತ್ತು. 1978ರ ಜನವರಿ ಕೊನೆಯಲ್ಲಿ ಮ್ಯೂಚುಯಲ್ ಅನ್ನೋ ನೆಟ್‌ವರ್ಕ್ ಲ್ಯಾರಿ ಕಿಂಗ್ ಅವರ ಮಧ್ಯರಾತ್ರಿಯ ಶೋ ಶುರು ಮಾಡಿತು. ಆಗ 28 ಸ್ಟೇಷನ್. ಐದು ವರ್ಷದಲ್ಲಿ ನೂರು ದಾಟಿತು. ಯಾಕೆ ರಾತ್ರಿ ಅಂದರೆ, ರಾತ್ರಿಯಿಡೀ ಒಬ್ಬ ಮನುಷ್ಯನನ್ನ ಕೂರಿಸಿ ಸಂಬಳ ಕೊಡೋದು ಸಣ್ಣ ಸ್ಟೇಷನ್‌ಗೆ ಭಾರ. ಆ ಹೊತ್ತಿನಲ್ಲಿ ಜಾಹೀರಾತೂ ಬರಲ್ಲ. ಯಾರಾದರೂ ಸುಮ್ನೆ ಕೊಡ್ತೀನಿ ಅಂದರೆ ಬೇಡ ಅನ್ನೋರು ಯಾರು? 1981ರಲ್ಲಿ ಎನ್‌ಬಿಸಿ ಅನ್ನೋ ಇನ್ನೊಂದು ನೆಟ್‌ವರ್ಕ್‌ನವರು ಟಾಕ್‌ನೆಟ್ ಅಂತ ಸಂಜೆ ರಾತ್ರಿಯ ಮಾತಿನ ಸೇವೆ ತಂದರು. ಅದೇ ಹೊತ್ತಿಗೆ ನೆಟ್‌ವರ್ಕ್‌ಗಳು ಟೆಲಿಫೋನ್ ತಂತಿ ಬಿಟ್ಟು ಉಪಗ್ರಹಕ್ಕೆ ಬಂದವು. ಮೊದಲು ಊರೂರಿಗೆ ಬಾಡಿಗೆ ತಂತಿ ಎಳೆಯಬೇಕಿತ್ತು, ದನಿಯೂ ಡಬ್ಬದಿಂದ ಬಂದ ಹಾಗೆ ಕೇಳಿಸುತ್ತಿತ್ತು. ಈಗ ಸ್ಟೇಷನ್ ಹಿಂದೆ ಒಂದು ಡಿಶ್ ಇದ್ದರೆ ಸಾಕು. ಹತ್ತು ಸ್ಟೇಷನ್‌ಗೆ ಕಳಿಸೋದಕ್ಕೂ ಐನೂರು ಸ್ಟೇಷನ್‌ಗೆ ಕಳಿಸೋದಕ್ಕೂ ಖರ್ಚು ಹೆಚ್ಚುಕಮ್ಮಿ ಒಂದೇ ಆಯಿತು. ಇದು ಬಹಳ ದೊಡ್ಡ ಬದಲಾವಣೆ.

ಆದರೆ ಹಗಲು ಹೊತ್ತಿನಲ್ಲಿ ಇದು ಅಷ್ಟಾಗಿ ನಡೆದಿರಲಿಲ್ಲ. ಹಗಲಿನ ಮಾತು ಆಯಾ ಊರಿನದ್ದೇ ಆಗಿರಬೇಕು, ಊರಿನ ರಸ್ತೆ, ಊರಿನ ಮೇಯರ್, ಊರಿನ ಶಾಲೆ ಬಗ್ಗೆ ಮಾತಾಡಿದರೇ ಜನ ಕೇಳೋದು ಅನ್ನೋದು ಆ ಕಸುಬಿನವರ ಗಟ್ಟಿ ನಂಬಿಕೆ. ಅದನ್ನ ಮುರಿದವರು ಎಡ್ ಮೆಕ್‌ಲಾಫ್ಲಿನ್. ಎಬಿಸಿ ರೇಡಿಯೋ ನೆಟ್‌ವರ್ಕ್‌ನ ಮುಖ್ಯಸ್ಥರಾಗಿದ್ದು ಹೊರಗೆ ಬಂದವರು. ಸ್ವಂತಕ್ಕೆ ಇಎಫ್‌ಎಂ ಅನ್ನೋ ಸಣ್ಣ ಕಂಪನಿ ಮಾಡಿಕೊಂಡರು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ ಕೆಎಫ್‌ಬಿಕೆ ಸ್ಟೇಷನ್‌ನಲ್ಲಿ 1984ರಿಂದ ಮಾತಾಡುತ್ತಿದ್ದ ಲಿಂಬಾ ಅವರನ್ನು ನ್ಯೂಯಾರ್ಕ್‌ಗೆ ಕರೆತಂದರು. 1988ರ ಆಗಸ್ಟ್ 1ರಂದು ಮಧ್ಯಾಹ್ನದ ರಾಷ್ಟ್ರೀಯ ಶೋ ಶುರುವಾಯಿತು. 56 ಸ್ಟೇಷನ್. ಮುಂದೆ ಅದು 600 ದಾಟಿತು.

ಇಲ್ಲಿ ಒಂದು ಕಾನೂನಿನ ವಿಷಯ ಹೇಳಲೇಬೇಕು. 1949ರಿಂದ ಅಮೆರಿಕದಲ್ಲಿ ಫೇರ್‌ನೆಸ್ ಡಾಕ್ಟ್ರಿನ್ ಅನ್ನೋ ನಿಯಮ ಇತ್ತು. ವಿವಾದದ ವಿಷಯ ಎತ್ತಿದರೆ ಎರಡೂ ಕಡೆಯ ಮಾತಿಗೂ ಜಾಗ ಕೊಡಬೇಕು ಅಂತ. 1987ರ ಆಗಸ್ಟ್‌ನಲ್ಲಿ ಎಫ್‌ಸಿಸಿ, ಅಂದರೆ ರೇಡಿಯೋ ಟಿವಿಗೆ ಲೈಸೆನ್ಸ್ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ, ಅದನ್ನು ಕೈಬಿಟ್ಟಿತು. ಮಾರನೇ ವರ್ಷ ಲಿಂಬಾ ಶೋ. ನಿಯಮ ಹೋಗಿದ್ದರಿಂದಲೇ ಎಲ್ಲ ಆಯಿತು ಅಂತ ಹೇಳೋರು ತುಂಬಾ ಜನ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಬಾಗಿಲು ತೆಗೆಯಿತು, ನಿಜ. ಆದರೆ ಬಾಗಿಲು ತೆಗೆದ ಮಾತ್ರಕ್ಕೆ 600 ಸ್ಟೇಷನ್ ಒಳಗೆ ಬರಲ್ಲ. ಅದಕ್ಕೆ ಬೇಕಾಗಿದ್ದು ಲೆಕ್ಕಾಚಾರ. ಅದನ್ನ ಹೇಳ್ತೀನಿ.

ನಮ್ಮ ಕಡೆ ಹೊಲ ಪಾಲಿಗೆ ಕೊಡೋದು ಗೊತ್ತಲ್ವಾ? ಹೊಲ ಒಬ್ಬರದು, ಬೀಜ ಗೊಬ್ಬರ ದುಡಿಮೆ ಇನ್ನೊಬ್ಬರದು, ಬೆಳೆ ಬಂದಾಗ ಪಾಲು. ಯಾರೂ ಯಾರಿಗೂ ದುಡ್ಡು ಕೊಡಲ್ಲ. ಸಿಂಡಿಕೇಷನ್‌ನ ಬಾರ್ಟರ್ ಅನ್ನೋ ಪದ್ಧತಿ ಹೆಚ್ಚುಕಮ್ಮಿ ಇದೇ. ಸ್ಟೇಷನ್‌ನ ಗಂಟೆ ಹೊಲ. ಶೋ ಮಾಡುವವರು ದುಡಿಮೆ ಹಾಕುತ್ತಾರೆ. ಬೆಳೆ ಅಂದರೆ ಜಾಹೀರಾತಿನ ನಿಮಿಷ. ಗಂಟೆಯಲ್ಲಿ ಕೆಲವು ನಿಮಿಷ ಶೋ ಕಂಪನಿಗೆ, ಅದನ್ನು ಅವರು ದೇಶದ ದೊಡ್ಡ ಕಂಪನಿಗಳಿಗೆ ಮಾರುತ್ತಾರೆ. ಉಳಿದ ನಿಮಿಷ ಸ್ಟೇಷನ್‌ಗೆ, ಅದನ್ನು ಅವರು ಊರಿನ ಟೈರ್ ಅಂಗಡಿಗೆ, ಪಶು ಆಹಾರದ ಅಂಗಡಿಗೆ, ಕಾರು ಮಾರುವವರಿಗೆ ಕೊಡುತ್ತಾರೆ. ಸ್ಟೇಷನ್ ಮಾಲೀಕನ ಕಣ್ಣಿನಿಂದ ನೋಡಿ. ಮೂರು ಗಂಟೆಯ ಕಾರ್ಯಕ್ರಮ ಸುಮ್ನೆ ಬರುತ್ತದೆ. ಸಂಬಳ ಇಲ್ಲ, ರಜೆ ಇಲ್ಲ, ಮೂರು ಗಂಟೆಯಲ್ಲಿ ಮಾರೋಕೆ ಇಪ್ಪತ್ತು ಮೂವತ್ತು ನಿಮಿಷ ಕೈಯಲ್ಲಿ. ಶೋ ತುಂಬಾ ದೊಡ್ಡದಾದ ಮೇಲೆ ಕಂಪನಿಯವರು ನಿಮಿಷದ ಜೊತೆಗೆ ದುಡ್ಡನ್ನೂ ಕೇಳೋಕೆ ಶುರು ಮಾಡುತ್ತಾರೆ. ಲಿಂಬಾ ಶೋಗೆ ಹಾಗೇ ಆಯಿತು. ಆದರೆ ಶುರುವಿನಲ್ಲಿ ಯಾರೂ ಕೇಳಲ್ಲ.

ಇದನ್ನ ನಾನು ಕಣ್ಣಾರೆ ನೋಡಿದ್ದೇನೆ. ಓದಿನ ಭಾಗವಾಗಿ ಒಂದು ಸೆಮಿಸ್ಟರ್ ನೆಬ್ರಾಸ್ಕಾದ ಸಣ್ಣ ಊರಿನ ಒಂದು ಎಎಂ ಸ್ಟೇಷನ್‌ನಲ್ಲಿ ಇಂಟರ್ನ್ ಆಗಿದ್ದೆ. ಹೆಸರು ಬೇಡ. ಹೊಲದ ನಡುವೆ ಒಂದು ತಗ್ಗು ಕಟ್ಟಡ, ಹಿಂದೆ ಗೋಪುರ, ಪಕ್ಕದಲ್ಲಿ ಡಿಶ್. ನನ್ನ ಕೆಲಸ ಬೋರ್ಡ್ ಮುಂದೆ, ಅಂದರೆ ಯಾವ ದನಿ ಹೊರಗೆ ಹೋಗಬೇಕು ಅಂತ ಗುಂಡಿ ಒತ್ತುವ ಮೇಜಿನ ಮುಂದೆ, ಕೂರೋದು. ರಾಷ್ಟ್ರೀಯ ಶೋ ಬರುವಾಗ ಕೈಯಲ್ಲಿ ಒಂದು ಹಾಳೆ ಇರುತ್ತಿತ್ತು, ಅದಕ್ಕೆ ಕ್ಲಾಕ್ ಅಂತಾರೆ. ಗಡಿಯಾರದ ಮುಖದ ಹಾಗೇ ಒಂದು ವೃತ್ತ ಬರೆದು ಹೋಳು ಮಾಡಿರುತ್ತಾರೆ. ಗಂಟೆ ಹೊಡೆದಾಗ ಸುದ್ದಿ, ಆರು ನಿಮಿಷಕ್ಕೆ ಶೋ, ಇಷ್ಟು ಹೊತ್ತಿಗೆ ಅವರ ಜಾಹೀರಾತು, ಇಷ್ಟು ಹೊತ್ತಿಗೆ ನಮ್ಮದು. ನಿರೂಪಕ ಬಿಡುವಿಗೆ ಹೋಗುವಾಗ ಉಪಗ್ರಹದ ಪೆಟ್ಟಿಗೆಗೆ ಒಂದು ಸಂಕೇತ ಬರುತ್ತದೆ. ಕೇಳುಗರಿಗೆ ಅದು ಕೇಳಿಸಲ್ಲ. ಪೆಟ್ಟಿಗೆಯ ಮೇಲೆ ಪುಟ್ಟ ದೀಪ ಹತ್ತಿ ಆರುತ್ತದೆ. ತಕ್ಷಣ ನಾನು ಕಾರ್ಟ್ ಅನ್ನೋ ಟೇಪಿನ ಡಬ್ಬಿಯ ಗುಂಡಿ ಒತ್ತಬೇಕು. ನಮ್ಮೂರಿನ ಟೈರ್ ಅಂಗಡಿ ಮಾತಾಡುತ್ತದೆ. ಎರಡು ನಿಮಿಷ ಆದಮೇಲೆ ಮತ್ತೆ ಶೋ. ಒಂದು ಸೆಕೆಂಡ್ ತಡ ಆದರೂ ನಿರೂಪಕನ ಮೊದಲ ಪದ ನುಂಗಿ ಹೋಗುತ್ತದೆ.

ಆ ಟೈರ್ ಅಂಗಡಿಯ ಜಾಹೀರಾತಿಗೆ ಮುಂಚೆ ಇನ್ನೊಂದು ಡಬ್ಬಿ ಇರುತ್ತಿತ್ತು. ದೇಶಕ್ಕೆಲ್ಲ ಮಾತಾಡುವ ಆ ನಿರೂಪಕನೇ ನಮ್ಮ ಸ್ಟೇಷನ್ ಹೆಸರು, ನಮ್ಮ ಊರಿನ ಹೆಸರು ಹೇಳಿ, ನೀವು ಕೇಳ್ತಿರೋದು ಇದನ್ನ ಅಂತ ಹೇಳಿರುತ್ತಿದ್ದ. ಒಂದು ಮಧ್ಯಾಹ್ನ ಕೂತು ನೂರಾರು ಊರಿನ ಹೆಸರನ್ನ ಒಂದರ ಹಿಂದೆ ಒಂದು ಓದಿ ರೆಕಾರ್ಡ್ ಮಾಡಿ ಕಳಿಸಿರುತ್ತಾರೆ. ಊರಿನ ಜನ ಅದನ್ನ ಕೇಳಿ, ನಮ್ಮೂರು ಇವರಿಗೆ ಗೊತ್ತಿದೆ ಅಂದುಕೊಳ್ಳುತ್ತಿದ್ದರು. ಸ್ಟೇಷನ್‌ಗಳನ್ನು ಹಿಡಿದಿಟ್ಟುಕೊಳ್ಳುವ ಕೆಲಸದಲ್ಲಿ ಇಂಥ ಸಣ್ಣ ಸಣ್ಣ ಸೇವೆಗಳದ್ದೇ ದೊಡ್ಡ ಪಾಲು. ಲಿಂಬಾ ಶುರುವಿನ ವರ್ಷಗಳಲ್ಲಿ ಊರೂರಿಗೆ ಹೋಗಿ ವೇದಿಕೆ ಮೇಲೆ ನಿಂತು ಮಾತಾಡುತ್ತಿದ್ದರು. ಹೋದ ಊರಿನಲ್ಲಿ ಅವರ ಶೋ ಹಾಕುವ ಸ್ಟೇಷನ್‌ಗೆ ಹೆಸರು, ಟಿಕೆಟ್, ಜಾಹೀರಾತು ಎಲ್ಲ ಸಿಗುತ್ತಿತ್ತು. ಕೆಲವು ಹೋಟೆಲ್‌ಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಅವರ ಶೋ ಕೇಳೋಕೆ ಅಂತಲೇ ಬೇರೆ ಕೋಣೆ ಮಾಡಿದ್ದರು, ರಷ್ ರೂಮ್ ಅಂತ ಕರೆಯುತ್ತಿದ್ದರು.

ಇನ್ನು ಫೋನ್. ಪ್ರತಿ ಶೋ ಕಂಪನಿಯಲ್ಲೂ ಅಫಿಲಿಯೇಟ್ ರಿಲೇಷನ್ಸ್ ಅಂತ ಒಂದು ವಿಭಾಗ ಇರುತ್ತದೆ. ಅಲ್ಲಿ ಕೂತವರು ದಿನವಿಡೀ ಸ್ಟೇಷನ್‌ಗಳ ಪ್ರೋಗ್ರಾಮ್ ಡೈರೆಕ್ಟರ್‌ಗಳಿಗೆ ಫೋನ್ ಮಾಡೋದೇ ಕೆಲಸ. ನಮ್ಮ ಸ್ಟೇಷನ್‌ಗೆ ಫೋನ್ ಮಾಡುತ್ತಿದ್ದ ಹೆಣ್ಣುಮಗಳಿಗೆ ನಮ್ಮ ಡೈರೆಕ್ಟರ್ ಮಗನ ಫುಟ್‌ಬಾಲ್ ಪಂದ್ಯ ಯಾವತ್ತು ಅಂತ ಗೊತ್ತಿತ್ತು. ಅವರಿಬ್ಬರ ನಡುವೆ ಒಂದು ಜಗಳವೂ ನಡೆದಿತ್ತು. ಶೋ 11ರಿಂದ 2. ಆದರೆ ನಮ್ಮ ಕಡೆ ಮಧ್ಯಾಹ್ನ 12ಕ್ಕೆ ಧಾರಣೆ ಓದಲೇಬೇಕು. ಶಿಕಾಗೋ ಪೇಟೆಯಲ್ಲಿ ಮೆಕ್ಕೆಜೋಳ ಎಷ್ಟು, ಸೋಯಾ ಎಷ್ಟು, ಹಂದಿ ಎಷ್ಟು. ರೈತರು ಟ್ರ್ಯಾಕ್ಟರ್ ನಿಲ್ಲಿಸಿ ಕೇಳುತ್ತಾರೆ. ಅದನ್ನ ಬಿಟ್ಟರೆ ಸ್ಟೇಷನ್ ಮುಚ್ಚಿದ ಹಾಗೇ. ಹಾಗಾಗಿ ನಾವು ಇಪ್ಪತ್ತು ನಿಮಿಷ ಶೋ ಕತ್ತರಿಸುತ್ತಿದ್ದೆವು. ಅದರೊಳಗೆ ಶೋ ಕಂಪನಿಯ ಜಾಹೀರಾತೂ ಹೋಗುತ್ತಿತ್ತು. ಆಯಮ್ಮ ಫೋನ್ ಮಾಡಿ, ಜಾಹೀರಾತು ಬಂದಿಲ್ಲ ಅಂದರೆ ನಾನು ಕಂಪನಿಗೆ ಏನು ಹೇಳಲಿ ಅನ್ನುತ್ತಿದ್ದರು. ಡೈರೆಕ್ಟರ್, ಹಂದಿಯ ಧಾರಣೆ ಓದದೆ ನಾನು ಕಿರಾಣಿ ಅಂಗಡಿಗೆ ಹೋಗೋದು ಹೇಗೆ ಅನ್ನುತ್ತಿದ್ದರು. ಕೊನೆಗೆ ಕಳೆದುಹೋದ ಜಾಹೀರಾತನ್ನ 2 ಗಂಟೆ ಆದಮೇಲೆ ಹಾಕೋದು ಅಂತ ಒಪ್ಪಂದ ಆಯಿತು. ವಾರಕ್ಕೊಮ್ಮೆ ನಾನೇ ಕೂತು ಯಾವ ಜಾಹೀರಾತು ಎಷ್ಟು ಗಂಟೆಗೆ ಬಂತು ಅಂತ ಬರೆದು, ಡೈರೆಕ್ಟರ್ ಸಹಿ ಹಾಕಿಸಿ ಕಳಿಸುತ್ತಿದ್ದೆ. ಆ ಕಾಗದಕ್ಕೆ ಅಫಿಡವಿಟ್ ಅಂತಲೇ ಹೆಸರು. ನೂರಾರು ಸ್ಟೇಷನ್‌ನಿಂದ ಬಂದ ಆ ಕಾಗದಗಳ ರಾಶಿ ಇದ್ದರೇ ಶೋ ಕಂಪನಿಗೆ ದೊಡ್ಡ ಜಾಹೀರಾತುದಾರರು ದುಡ್ಡು ಕೊಡೋದು.

ಇಲ್ಲಿಂದ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಪತ್ರಿಕೆಗಳಲ್ಲಿ 400 ಸ್ಟೇಷನ್, 500 ಸ್ಟೇಷನ್ ಅಂತ ಓದಿದರೆ ಬೆರಗಾಗಬೇಡಿ. ಕಸುಬಿನವರು ಆ ಸಂಖ್ಯೆ ಕೇಳಿ ಸುಮ್ಮನಾಗಲ್ಲ. ಅವರು ಕೇಳೋದು, ಯಾವ ಮಾರ್ಕೆಟ್? ಅಮೆರಿಕದಲ್ಲಿ ರೇಡಿಯೋ ಕೇಳುಗರನ್ನ ಎಣಿಸೋರು ದೇಶವನ್ನ 250ಕ್ಕಿಂತ ಜಾಸ್ತಿ ಮಾರ್ಕೆಟ್‌ಗಳಾಗಿ ಹಂಚಿದ್ದಾರೆ. ಆರ್ಬಿಟ್ರಾನ್ ಕಂಪನಿ ಎಣಿಸುತ್ತಿತ್ತು, 2013ರಲ್ಲಿ ಅದನ್ನ ನೀಲ್ಸನ್ ಕೊಂಡುಕೊಂಡಿತು. ಒಂದನೇ ಮಾರ್ಕೆಟ್ ನ್ಯೂಯಾರ್ಕ್, ಎರಡನೇದು ಲಾಸ್ ಏಂಜಲಿಸ್, ಮೂರನೇದು ಶಿಕಾಗೋ. ನಮ್ಮ ನೆಬ್ರಾಸ್ಕಾದ ಊರಿನಂಥ ಇನ್ನೂರು ಊರು ಸೇರಿಸಿದರೂ ನ್ಯೂಯಾರ್ಕ್ ಒಂದರ ಜನಸಂಖ್ಯೆ ಆಗಲ್ಲ. ದೊಡ್ಡ ಜಾಹೀರಾತುದಾರ ಮೊದಲು ನೋಡೋದು ಮೇಲಿನ ಹತ್ತು ಮಾರ್ಕೆಟ್‌ನಲ್ಲಿ ಎಷ್ಟರಲ್ಲಿ ಇದ್ದೀರಿ ಅಂತ. ಶೋ ಒಂದು ಸ್ಟೇಷನ್‌ನಲ್ಲಿ ಜಾಗ ಪಡೆಯೋದಕ್ಕೆ ಕ್ಲಿಯರೆನ್ಸ್ ಅಂತಾರೆ. ಅದರಲ್ಲೂ ಲೈವ್ ಕ್ಲಿಯರೆನ್ಸ್ ಬೇರೆ, ಟೇಪ್ ಮಾಡಿ ರಾತ್ರಿ 2 ಗಂಟೆಗೆ ಹಾಕೋದು ಬೇರೆ. ಮೂರು ಗಂಟೆಯಲ್ಲಿ ಒಂದೇ ಗಂಟೆ ಹಾಕಿದ ಸ್ಟೇಷನ್ನೂ ಪಟ್ಟಿಯಲ್ಲಿ ಇರುತ್ತದೆ. ಪಟ್ಟಿ ಓದೋದು ಕಲಿಯಿರಿ.

ಸಾಮಾನ್ಯವಾಗಿ ಒಂದು ಮಾರ್ಕೆಟ್‌ಗೆ ಒಂದೇ ಸ್ಟೇಷನ್. ಅಲ್ಲಿ ಅವರಿಗೇ ಹಕ್ಕು. ಆದ್ದರಿಂದ ಯಾವ ಸ್ಟೇಷನ್ ಸಿಗುತ್ತದೆ ಅನ್ನೋದು ತುಂಬಾ ಮುಖ್ಯ. 50,000 ವಾಟ್ ಎಎಂ ಸಿಕ್ಕಿದರೆ ರಾತ್ರಿ ಹೊತ್ತು ಹತ್ತಾರು ರಾಜ್ಯಕ್ಕೆ ಕೇಳಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಎಎಂ ತರಂಗ ಮೇಲಿನ ವಾತಾವರಣಕ್ಕೆ ಬಡಿದು ದೂರಕ್ಕೆ ಬೀಳುತ್ತದೆ. ನೆವಾಡಾ ಮರುಭೂಮಿಯ ಪಾರಂಪ್ ಅನ್ನೋ ಊರಿನ ಮನೆಯಿಂದ ಆರ್ಟ್ ಬೆಲ್ ನಡೆಸುತ್ತಿದ್ದ ಮಧ್ಯರಾತ್ರಿಯ ಶೋ ಲಾಸ್ ವೇಗಸ್‌ನ ಅಂಥ ಒಂದು ಸ್ಟೇಷನ್‌ನಿಂದ ಬೆಳೆದದ್ದು. 90ರ ದಶಕದ ಕೊನೆಗೆ ಅದು ಸುಮಾರು 500 ಸ್ಟೇಷನ್‌ನಲ್ಲಿತ್ತು.

1996ರ ಫೆಬ್ರವರಿಯಲ್ಲಿ ಎಲ್ಲವೂ ಬದಲಾಯಿತು. ಹೊಸ ದೂರಸಂಪರ್ಕ ಕಾಯ್ದೆ ಬಂತು. ಅಲ್ಲೀವರೆಗೆ ಒಬ್ಬ ಮಾಲೀಕ ದೇಶದಲ್ಲಿ ಇಟ್ಟುಕೊಳ್ಳಬಹುದಾದ ಸ್ಟೇಷನ್‌ಗೆ ಮಿತಿ ಇತ್ತು, 20 ಎಎಂ, 20 ಎಫ್‌ಎಂ. ಆ ಮಿತಿಯನ್ನೇ ತೆಗೆದರು. ಕ್ಲಿಯರ್ ಚಾನೆಲ್ ಅನ್ನೋ ಕಂಪನಿ ಕೆಲವೇ ವರ್ಷದಲ್ಲಿ ಸುಮಾರು 1,200 ಸ್ಟೇಷನ್ ಕೊಂಡುಕೊಂಡಿತು. ಈಗ ಅದರ ಹೆಸರು ಐಹಾರ್ಟ್‌ಮೀಡಿಯಾ. ಜೇಕರ್ ಅನ್ನೋ ಇನ್ನೊಂದು ಕಂಪನಿ 1997ರಲ್ಲಿ ಲಿಂಬಾ ಶೋ ನಡೆಸುತ್ತಿದ್ದ ಇಎಫ್‌ಎಂ ಅನ್ನೂ, ಪ್ರೀಮಿಯರ್ ಅನ್ನೋ ಸಿಂಡಿಕೇಷನ್ ಕಂಪನಿಯನ್ನೂ ಕೊಂಡಿತ್ತು. 1999ರಲ್ಲಿ ಆ ಜೇಕರ್ ಅನ್ನೇ ಕ್ಲಿಯರ್ ಚಾನೆಲ್ ನುಂಗಿತು. ಶೋ ಅವರದೇ, ಸ್ಟೇಷನ್ನೂ ಅವರದೇ. ಹೊಲವೂ ಬೀಜವೂ ಒಂದೇ ಮನೆಯದ್ದಾದ ಮೇಲೆ ಪಾಲಿನ ಮಾತೇ ಇಲ್ಲ. ಫೋನ್ ಮಾಡಿ ಮಗನ ಫುಟ್‌ಬಾಲ್ ಪಂದ್ಯ ವಿಚಾರಿಸುವ ಕೆಲಸ ಎಷ್ಟೋ ಊರಲ್ಲಿ ಬೇಕಾಗಲಿಲ್ಲ. ನಮ್ಮ ಆಕಾಶವಾಣಿಯ ಹಾಗೇ, ಮೇಲಿನಿಂದ ಒಂದು ಮಾತು ಬಂದರೆ ಆಯಿತು.

ಇದರ ಬಲ ಎಷ್ಟು ಅನ್ನೋದು 2014ರ ಜನವರಿಯಲ್ಲಿ ಕಂಡಿತು. ಲಿಂಬಾ ಅವರ ನ್ಯೂಯಾರ್ಕ್ ಮನೆ ಅಂದರೆ ಡಬ್ಲ್ಯುಎಬಿಸಿ. ಇಪ್ಪತ್ತೈದು ವರ್ಷ ಅಲ್ಲೇ. ಆ ಸ್ಟೇಷನ್ ಆಗ ಕ್ಯುಮುಲಸ್ ಅನ್ನೋ ಎದುರಾಳಿ ಕಂಪನಿಯದ್ದಾಗಿತ್ತು. ಕ್ಲಿಯರ್ ಚಾನೆಲ್ ಅದೇ ನಗರದಲ್ಲಿ ಡಬ್ಲ್ಯುಒಆರ್ ಸ್ಟೇಷನ್ ಕೊಂಡಿತು. ಶೋವನ್ನ ಅಲ್ಲಿಗೆ ಎತ್ತಿಕೊಂಡು ಹೋಯಿತು. ಅದೇ ತಿಂಗಳು ಲಾಸ್ ಏಂಜಲಿಸ್‌ನಲ್ಲಿ ತನ್ನದೇ ದೊಡ್ಡ ಸ್ಟೇಷನ್ ಕೆಎಫ್‌ಐನಿಂದ ತೆಗೆದು ತನ್ನದೇ ಇನ್ನೊಂದು ಸಣ್ಣ ಸ್ಟೇಷನ್‌ಗೆ ಹಾಕಿತು. ಹಳೇ ಕೇಳುಗರು ಎದ್ದು ರೇಡಿಯೋ ಹಾಕಿದರೆ ಅಲ್ಲಿ ಬೇರೆ ದನಿ.

ಸ್ಟೇಷನ್ ಇಲ್ಲದೆ ಶೋ ಶುರು ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಏರ್ ಅಮೆರಿಕಾ ಕಥೆ ಇದೆ. ಬಲಪಂಥದ ಮಾತಿಗೆ ಎದುರಾಗಿ ಎಡಪಂಥದ ನೆಟ್‌ವರ್ಕ್ ಮಾಡಬೇಕು ಅಂತ 2004ರ ಮಾರ್ಚ್ 31ಕ್ಕೆ ಶುರು ಮಾಡಿದರು. ಹಾಸ್ಯಗಾರ ಅಲ್ ಫ್ರಾಂಕನ್ ಅಂಥ ಹೆಸರುವಾಸಿ ಜನ ಇದ್ದರು. ಆದರೆ ಒಂದೊಂದು ಶೋವನ್ನ ಒಂದೊಂದು ಸ್ಟೇಷನ್‌ಗೆ ಕೊಟ್ಟು ನಿಧಾನಕ್ಕೆ ಬೆಳೆಸುವ ದಾರಿ ಬಿಟ್ಟು, ಇಡೀ ದಿನದ ಕಾರ್ಯಕ್ರಮವನ್ನ ಒಟ್ಟಿಗೆ ತಂದರು. ಇಡೀ ದಿನ ಬಿಟ್ಟುಕೊಡುವ ದೊಡ್ಡ ಸ್ಟೇಷನ್ ಎಲ್ಲಿ ಸಿಗುತ್ತದೆ? ದೊಡ್ಡ ನಗರಗಳಲ್ಲಿ ದುಡ್ಡು ಕೊಟ್ಟು ಸಮಯ ಬಾಡಿಗೆ ಹಿಡಿದರು. ಎರಡು ವಾರ ಕಳೆಯುವಷ್ಟರಲ್ಲಿ ದುಡ್ಡಿನ ಜಗಳ ಆಗಿ ಶಿಕಾಗೋ, ಲಾಸ್ ಏಂಜಲಿಸ್ ಎರಡೂ ಕೈಬಿಟ್ಟವು. ಎರಡನೇ ಮತ್ತು ಮೂರನೇ ಮಾರ್ಕೆಟ್! 2010ರ ಜನವರಿಯಲ್ಲಿ ಮುಚ್ಚಿತು. ನನಗೆ ಇದರಲ್ಲಿ ಹೆಚ್ಚು ಬೇಜಾರಾಗಿದ್ದು ನ್ಯೂಯಾರ್ಕ್‌ನ ವಿಷಯ. ಅಲ್ಲಿ ಅವರು ಹಿಡಿದ ಡಬ್ಲ್ಯುಎಲ್‌ಐಬಿ ಸ್ಟೇಷನ್ ಅದಕ್ಕೆ ಮುಂಚೆ ಕಪ್ಪು ಜನರ, ಕೆರಿಬಿಯನ್ ದ್ವೀಪಗಳಿಂದ ಬಂದವರ ಮಾತಿನ ಸ್ಟೇಷನ್ ಆಗಿತ್ತು. ಅವರ ಊರ ಸುದ್ದಿ, ಅವರ ಬಾಡಿಗೆ ಮನೆಯ ತಕರಾರು ಎಲ್ಲ ಅಲ್ಲಿ ಬರುತ್ತಿತ್ತು. ಒಳ್ಳೇ ಉದ್ದೇಶದ ನೆಟ್‌ವರ್ಕ್ ಬಂದರೂ ಜಾಗ ಕಳೆದುಕೊಂಡಿದ್ದು ಅವರು.

ಕಂಪನಿಯ ಬೆಂಬಲ ಇಲ್ಲದೆಯೂ ಬೆಳೆದವರು ಇದ್ದಾರೆ. ಡೇವ್ ರಾಮ್‌ಸೀ 1992ರಲ್ಲಿ ನ್ಯಾಶ್‌ವಿಲ್‌ನ ಒಂದು ಸ್ಟೇಷನ್‌ನಲ್ಲಿ ಸಾಲ ತೀರಿಸೋದು ಹೇಗೆ ಅಂತ ಮಾತಾಡೋಕೆ ಶುರು ಮಾಡಿದರು. ಶೋ ಹಂಚುವ ಕೆಲಸವನ್ನ ತಮ್ಮದೇ ಕಂಪನಿಯಿಂದ ಮಾಡಿದರು. 600 ಸ್ಟೇಷನ್ ಮುಟ್ಟಿದರು. ಕಿಮ್ ಕೊಮಾಂಡೋ ಅನ್ನೋ ಹೆಣ್ಣುಮಗಳು ಕಂಪ್ಯೂಟರ್ ಬಗ್ಗೆ ಶೋ ಮಾಡ್ತೀನಿ ಅಂದಾಗ ದೊಡ್ಡ ನೆಟ್‌ವರ್ಕ್‌ನವರು ಒಪ್ಪಲಿಲ್ಲ. ಗಂಡ ಹೆಂಡತಿ ಸೇರಿ ಫೀನಿಕ್ಸ್‌ನಲ್ಲಿ ಸ್ವಂತ ನೆಟ್‌ವರ್ಕ್ ಕಟ್ಟಿದರು. 400 ಸ್ಟೇಷನ್ ದಾಟಿತು. ಇಬ್ಬರಲ್ಲೂ ಒಂದು ಸಾಮ್ಯ ಇದೆ. ಸಾಲ, ಕಂಪ್ಯೂಟರ್ ಎರಡೂ ಎಲ್ಲ ಊರಿಗೂ ಬೇಕಾದ ವಿಷಯ. ಕೊಮಾಂಡೋ ಶೋ ವಾರಾಂತ್ಯದ್ದು. ಶನಿವಾರ ಭಾನುವಾರ ಸ್ಟೇಷನ್‌ಗಳಲ್ಲಿ ಸಿಬ್ಬಂದಿ ಕಡಿಮೆ, ಜಾಗ ಸುಲಭವಾಗಿ ಸಿಗುತ್ತದೆ. ಹೊಸಬರು ವಾರಾಂತ್ಯದಿಂದ ಒಳಗೆ ಬಂದು, ಆಮೇಲೆ ವಾರದ ದಿನ ಕೇಳುತ್ತಾರೆ.

ಲಾಭಕ್ಕೆ ಅಂತ ನಡೆಸದ ಸಾರ್ವಜನಿಕ ರೇಡಿಯೋದಲ್ಲಿ ದುಡ್ಡು ಉಲ್ಟಾ ಹರಿಯುತ್ತದೆ. ಅಲ್ಲಿ ಜಾಹೀರಾತಿನ ನಿಮಿಷ ಇಲ್ಲ, ಹಾಗಾಗಿ ಸ್ಟೇಷನ್ನೇ ಶೋಗೆ ಶುಲ್ಕ ಕಟ್ಟುತ್ತದೆ. ಬಾಸ್ಟನ್‌ನ ಡಬ್ಲ್ಯುಬಿಯುಆರ್‌ನಲ್ಲಿ ಟಾಮ್ ಮತ್ತು ರೇ ಮಲಿಯೋಟ್ಸಿ ಅನ್ನೋ ಅಣ್ಣತಮ್ಮ 1977ರಿಂದ ಕಾರು ರಿಪೇರಿ ಬಗ್ಗೆ ನಗ್ತಾ ನಗ್ತಾ ಮಾತಾಡುತ್ತಿದ್ದರು. ಹತ್ತು ವರ್ಷ ಒಂದೇ ಊರು. 1987ರಲ್ಲಿ ಎನ್‌ಪಿಆರ್ ಅನ್ನೋ ರಾಷ್ಟ್ರೀಯ ಸಾರ್ವಜನಿಕ ರೇಡಿಯೋ ಸಂಸ್ಥೆ ಅದನ್ನ ದೇಶಕ್ಕೆ ಕೊಟ್ಟಿತು. ಆ ಹತ್ತು ವರ್ಷ ನನಗೆ ತುಂಬಾ ಇಷ್ಟ. ಅಷ್ಟು ಹೊತ್ತು ಒಂದು ಊರಿನ ಜನರ ಜೊತೆ ಮಾತಾಡಿದ್ದರಿಂದಲೇ ಅವರ ಮಾತಿಗೆ ಆ ಹದ ಬಂತು.

2021ರ ಫೆಬ್ರವರಿ 17ಕ್ಕೆ ಲಿಂಬಾ ತೀರಿಕೊಂಡರು. ದೇಶದಲ್ಲಿ ಒಮ್ಮೆಗೇ ನೂರಾರು ಸ್ಟೇಷನ್‌ಗಳಲ್ಲಿ ಮಧ್ಯಾಹ್ನದ ಮೂರು ಗಂಟೆ ಖಾಲಿಯಾಯಿತು. ಪ್ರೀಮಿಯರ್‌ನವರು ಕೆಲವು ತಿಂಗಳು ಅವರ ಹಳೇ ಮಾತುಗಳನ್ನೇ ಹಾಕಿ ಜಾಗ ಕಾಯ್ದುಕೊಂಡರು. ಮೇ 24ಕ್ಕೆ ಕ್ಯುಮುಲಸ್ ಕಡೆಯ ವೆಸ್ಟ್‌ವುಡ್ ಒನ್ ಅದೇ ಹೊತ್ತಿಗೆ ಡ್ಯಾನ್ ಬಾಂಜಿನೋ ಶೋ ತಂದಿತು. ಜೂನ್ 21ಕ್ಕೆ ಪ್ರೀಮಿಯರ್ ಕ್ಲೇ ಟ್ರಾವಿಸ್, ಬಕ್ ಸೆಕ್ಸ್‌ಟನ್ ಜೋಡಿಯನ್ನ ಕೂರಿಸಿತು. ಯಾರ ಸ್ಟೇಷನ್ ಯಾರ ಶೋ ಹಾಕಿತು ಅಂತ ನೋಡಿದರೆ ಬಹಳಷ್ಟು ಕಡೆ ಮಾಲೀಕರ ಹೆಸರೇ ಉತ್ತರ.

ಒಬ್ಬ ಹುಡುಗಿ ಕೇಳಿದಳು, ಸರ್, ಕನ್ನಡದಲ್ಲಿ ಇಂಥದ್ದು ಆಗುತ್ತಾ? ರಾಜಕೀಯದ ಮಾತು ಸದ್ಯಕ್ಕೆ ಖಾಸಗಿ ರೇಡಿಯೋದಲ್ಲಿ ಆಗಲ್ಲ. ಆದರೆ ಬೇಸಾಯ, ಆರೋಗ್ಯ, ಸಾಲ, ಓದು ಇವುಗಳ ಬಗ್ಗೆ ಒಂದು ಸಮುದಾಯ ಬಾನುಲಿ ಮಾಡಿದ್ದನ್ನ ಇನ್ನೊಂದು ಹಾಕಬಹುದು. ಅಲ್ಲಿ ಒಂದು ಒಳ್ಳೇ ನಿಯಮ ಇದೆ. ಸಮುದಾಯ ಬಾನುಲಿಯ ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧ ಆಯಾ ಊರಿನ ಜನರ ಪಾಲುಗೊಳ್ಳುವಿಕೆಯಿಂದಲೇ ಆಗಬೇಕು. ಉಳಿದರ್ಧದಲ್ಲಿ ಕೊಡು ಕೊಳ್ಳು ನಡೆಸಿ. ಮೊದಲ ಸ್ಟೇಷನ್‌ಗೆ ಹೋಗುವಾಗ ಚೆಂದದ ಹತ್ತು ನಿಮಿಷದ ತುಣುಕು ತಗೊಂಡು ಹೋಗಬೇಡಿ. ಪೂರ್ತಿ ಒಂದು ಗಂಟೆ ಮಾಡಿ, ಅವರ ಜಾಹೀರಾತಿಗೆ, ಅವರ ಊರಿನ ಹೆಸರಿಗೆ ಜಾಗ ಬಿಟ್ಟು ತಗೊಂಡು ಹೋಗಿ. ವಾರದಲ್ಲಿ ಯಾವ ಗಂಟೆ ತುಂಬಿಸೋಕೆ ಕಷ್ಟ ಆಗ್ತಿದೆ ಅಂತ ಕೇಳಿ, ಆ ಗಂಟೆಯನ್ನೇ ಕೇಳಿ ತಗೊಳ್ಳಿ. ಒಂದು ವಾರವೂ ತಪ್ಪಿಸಬೇಡಿ.

ಇನ್ನೊಬ್ಬ ಹುಡುಗ ಕೇಳಿದ್ದು ನಾನು ಹೇಳದೆ ಬಿಟ್ಟಿದ್ದ ವಿಷಯ. ನೀವಿದ್ದ ಸ್ಟೇಷನ್‌ನಲ್ಲಿ ರಾಷ್ಟ್ರೀಯ ಶೋ ಬರೋಕೆ ಮುಂಚೆ ಯಾರು ಮಾತಾಡುತ್ತಿದ್ದರು?

ಒಬ್ಬರಿದ್ದರು. ಅರವತ್ತು ದಾಟಿದವರು. ಬೆಳಗ್ಗೆ 9ರಿಂದ 10 ಸ್ವಾಪ್ ಶಾಪ್ ಅಂತ ನಡೆಸುತ್ತಿದ್ದರು. ಅಮೆರಿಕದ ಸಣ್ಣ ಊರುಗಳಲ್ಲಿ ಈ ಬಗೆಯ ಶೋ ತುಂಬಾ ಇದ್ದವು. ಜನ ಫೋನ್ ಮಾಡಿ, ಹಳೇ ಫ್ರಿಜ್ ಇದೆ, ನಲವತ್ತು ಡಾಲರ್, ಅಂತಾರೆ. ಇನ್ನೊಬ್ಬರು ಮಗುವಿನ ತೊಟ್ಟಿಲು ಬೇಕು ಅಂತಾರೆ. ಇವರು ನಂಬರ್ ಎರಡು ಸಲ ನಿಧಾನಕ್ಕೆ ಹೇಳುತ್ತಿದ್ದರು, ಬರೆದುಕೊಳ್ಳೋಕೆ ಹೊತ್ತು ಬೇಕಲ್ಲ. ಕಳೆದುಹೋದ ನಾಯಿ, ತೀರಿಕೊಂಡವರ ಹೆಸರು, ಚರ್ಚಿನ ಊಟ ಎಲ್ಲ ಅದರಲ್ಲೇ. ನಾನು ಸೇರಿದ ಎರಡನೇ ತಿಂಗಳಲ್ಲಿ ಮಾಲೀಕರು ಆ ಗಂಟೆಗೂ ಉಪಗ್ರಹದ ಇನ್ನೊಂದು ಶೋ ಒಪ್ಪಿಕೊಂಡರು. ಸಂಬಳ ಉಳಿಯಿತು. ಕೊನೆಯ ದಿನ ಒಂದು ಹೆಂಗಸು ಫೋನ್ ಮಾಡಿ, ಮಾರೋಕೆ ಏನೂ ಇಲ್ಲ, ಸುಮ್ನೆ ಮಾಡಿದೆ ಅಂದರು. ಅವರು ಥ್ಯಾಂಕ್ಸ್ ಹೇಳಿ, ಅಭ್ಯಾಸದ ಹಾಗೆ ಆ ಹೆಂಗಸಿನ ನಂಬರ್ ಕೇಳಿದರು. ನನಗೆ ಗಂಟಲು ಕಟ್ಟಿತು. ಆಮೇಲೆ ಅವರು ಊರಿನ ರೈತರ ಸಹಕಾರ ಸಂಘದ ಅಂಗಡಿಯಲ್ಲಿ ಕೌಂಟರ್‌ಗೆ ಸೇರಿದರು. ಒಂದು ಸಲ ಅಲ್ಲಿಗೆ ಹೋಗಿದ್ದೆ. ಬಾಗಿಲ ಪಕ್ಕದ ಹಲಗೆ ತುಂಬಾ ಚೀಟಿ ಚುಚ್ಚಿದ್ದರು. ಫ್ರಿಜ್, ಟ್ರ್ಯಾಕ್ಟರ್ ಚಕ್ರ, ನಾಯಿಮರಿ. ಯಾರೋ ಚೀಟಿ ತಂದುಕೊಟ್ಟರು. ಅವರು ಅದನ್ನ ತಗೊಂಡು, ಅಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ ಒಮ್ಮೆ ಓದಿ, ನಂಬರ್ ಎರಡು ಸಲ ಹೇಳಿ, ಆಮೇಲೆ ಹಲಗೆಗೆ ಚುಚ್ಚಿದರು.